ಪರ್ಮನೆಂಟ್ ಥರಾನೇ

ಅವರ ಅಂಗಿಯ ಬಣ್ಣ ನನಗೆ ನೆನಪಿಲ್ಲ. ಮಾತು ಮಾತ್ರ ಹಾಗೇ ಇದೆ. ಸರಸ್ವತಿಪುರಂನ ಟ್ಯುಟೋರಿಯಲ್ ಒಂದರ ಮೇಲಿನ ಕೋಣೆಯಲ್ಲಿ ಕೂತು, ಎಂಜಿನಿಯರುಗಳನ್ನು ಕಾಂಟ್ರ್ಯಾಕ್ಟ್ ಮೇಲೆ ಕಂಪನಿಗಳಿಗೆ ಕಳಿಸುತ್ತಿದ್ದ ಕನ್ಸಲ್ಟೆನ್ಸಿಯ ಮಾಲೀಕರು ಅವರು. ರಜೆ, ವಿಮೆ, ಏನು ಕೇಳಿದರೂ ಟೇಬಲ್ ಸವರುತ್ತಾ, "ಪರ್ಮನೆಂಟ್ ಥರಾನೇ ಕಣಮ್ಮ" ಎನ್ನುತ್ತಿದ್ದರು. ಹೆಚ್ಚಿನ ಸಂಬಳದ ಆಸೆಗೆ ಇದ್ದ ಖಾಯಂ ಕೆಲಸ ಬಿಡಲು ಹೊರಟಿದ್ದ ನಾನು, ಸಹಿ ಹಾಕಲು ಪೆನ್ನು ತೆಗೆದೆ. ಅಷ್ಟರಲ್ಲಿ ಅವರ ಹೆಂಡತಿಯ ಫೋನ್ ಬಂತು. ಮಗಳಿಗೆ ಗಂಡು ನೋಡುತ್ತಿದ್ದರಂತೆ.

"ಹುಡುಗ ಕಾಂಟ್ರ್ಯಾಕ್ಟಾ? ಬೇಡ ಬುಡೇ. ನಾಳೆ ತೆಗೆದಾಕ್ಬುಟ್ರೆ?"

ಫೋನಿಟ್ಟು, ನಾಚಿಕೆಯಿಲ್ಲದೆ ಮತ್ತೆ ಟೇಬಲ್ ಸವರಿದರು.

ನಾನು ಪೆನ್ನು ಮುಚ್ಚಿ ಎದ್ದೆ. ಒಳ್ಳೆ ಅವಕಾಶ ಅಂತ ಹೇಳಿ ನನ್ನನ್ನು ಅಲ್ಲಿಗೆ ಕಳಿಸಿದ್ದು ಚಿಕ್ಕಪ್ಪ. ಅಂದು ಸಂಜೆ ನಡೆದದ್ದೆಲ್ಲ ಹೇಳಿ ಅವರನ್ನು ಕೇಳಿದೆ:

"ಚಿಕ್ಕಪ್ಪ, ನಿಮ್ಮ ಮಗಳಿಗೆ ಪರ್ಮನೆಂಟ್ ಥರ ಇರೋ ಗಂಡು ಸಾಕಾ?"