ಬರೆಯದೆ ಬಿಟ್ಟ ತಪ್ಪುಗಳು

ಕಾಲೇಜಿನ ಬೇಸ್‌ಬಾಲ್ ತಂಡದ ಬರುವ ಸೀಸನ್ ಹೇಗಿರಬಹುದು ಅಂತ ಕಾಲೇಜು ಪತ್ರಿಕೆಗೆ ಒಂದು ಪುಟ ಬರೆದುಕೊಡಿ ಎಂದು ನಾಯಕ ಕೇಳಿದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ನನ್ನ ಮದುವೆ ಗೊತ್ತಾದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ. ಇದನ್ನು ನಮ್ಮ ಯಜಮಾನರು ಓದಿದರೆ ಓದಲಿ, ಅವರಿಗೂ ಗೊತ್ತಿದ್ದ ಸಂಗತಿಯೇ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಯಜಮಾನರು ಧಾರವಾಡದಲ್ಲಿ ಓದಿ ಬಂದ ಡಾಕ್ಟರು. ಲಂಡನ್ನಿನ ಅಂಚಿನ ಸಟನ್‌ನಲ್ಲಿ ಆಸ್ಪತ್ರೆಯವರು ಕೊಟ್ಟ ಫ್ಲ್ಯಾಟಿನಲ್ಲಿ ನಮ್ಮ ಸಂಸಾರ. ಸಂಸಾರ ಎಂದರೆ ಹೆಚ್ಚಾಗಿ ನಾನು ಮತ್ತು ಫ್ರಿಜ್ಜು. ಅವರು ರಾತ್ರಿಯ ಆನ್‌ಕಾಲ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಬರುವಾಗ ನಾನು ಹೊರಡುತ್ತಿದ್ದೆ, ನಾನು ಬರುವಾಗ ಅವರು ಮಲಗಿರುತ್ತಿದ್ದರು. ಬಸ್ಸಿನ ಡ್ರೈವರಿಗೆ ಹೇಳಿದ ಒಂದು ಥ್ಯಾಂಕ್ ಯೂ ಬಿಟ್ಟರೆ ಬಾಯಿ ತೆರೆಯದೆ ಇಡೀ ದಿನ ಕಳೆದದ್ದೂ ಉಂಟು. ಧಾರವಾಡದಿಂದ ಅವ್ವ ಫೋನಿನಲ್ಲಿ, "ಆರಾಮ ಇದ್ದೀಯಿಲ್ಲ?" ಎಂದು ಕೇಳುತ್ತಿದ್ದಳು. "ಆರಾಮ ಇದ್ದೇನವಾ," ಎನ್ನುತ್ತಿದ್ದೆ. ಇನ್ನೇನು ಹೇಳುವುದು? ಕನ್ನಡದ ಡಾಕ್ಟರುಗಳ ಮನೆಯ ಹಬ್ಬದೂಟಗಳಿಗೆ ಮೊದಮೊದಲು ಹೋದೆ. ಅಲ್ಲಿ ಹೆಂಗಸರು ಮಕ್ಕಳೆಷ್ಟು ಎಂದು ಕೇಳುತ್ತಿದ್ದರು. ಇನ್ನೂ ಇಲ್ಲ ಎಂದ ಮೇಲೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಆಮೇಲೆ ಹೋಗುವುದನ್ನೇ ಬಿಟ್ಟೆ.

ಮನೆಯಲ್ಲಿ ಕೂತು ಹುಚ್ಚು ಹಿಡಿದೀತು ಎಂದು ಲೈಬ್ರರಿ ಕೆಲಸದ ಕೋರ್ಸಿಗೆ ಸೇರಿಕೊಂಡೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಹಿರಿಯಳು ನಾನೇ. ಹುಡುಗಿಯರು ನನ್ನೊಂದಿಗೆ ಚೆನ್ನಾಗಿಯೇ ಮಾತಾಡುತ್ತಿದ್ದರು, ಆದರೆ ಕ್ಲಾಸು ಮುಗಿದ ತಕ್ಷಣ ಹಕ್ಕಿಗಳ ಹಾಗೆ ಹಾರಿಹೋಗುತ್ತಿದ್ದರು. ಒಂದು ದಿನ ಕಾಲೇಜಿನ ಲೈಬ್ರರಿಯಲ್ಲಿ ಒಬ್ಬ ಉದ್ದನೆಯ ಹುಡುಗ ಬೇಸ್‌ಬಾಲಿನ ನಿಯಮಗಳ ಪುಸ್ತಕ ಕೇಳಿಕೊಂಡು ಬಂದ. ಅಪ್ಪಟ ಇಂಗ್ಲಿಷರವನು. ಅಮೆರಿಕದಲ್ಲಿ ಒಂದೇ ಒಂದು ವರ್ಷ ಇದ್ದು, ಪೆಟ್ಟಿಗೆಗಿಂತ ಭಾರವಾದ ಅಮೆರಿಕನ್ ಉಚ್ಚಾರ ಹೊತ್ತುಕೊಂಡು ಬಂದಿದ್ದ. ಎರಡು ವರ್ಷದ ಹಿಂದೆ ಕಾಲೇಜಿನ ಬೇಸ್‌ಬಾಲ್ ತಂಡ ಕಟ್ಟಿದವನೂ ಅವನೇ, ಅದರ ನಾಯಕನೂ ಅವನೇ. "ಆಡೋಕೆ ಜನ ಇದ್ದಾರೆ, ಈ ವರ್ಷ ಸ್ಕೋರ್ ಬರೆಯೋಕೆ ಯಾರೂ ಸಿಗ್ತಿಲ್ಲ," ಎಂದ. "ಕ್ರಿಕೆಟ್ಟಿನ ಸ್ಕೋರ್ ಬರೆಯೋಕೆ ಬರುತ್ತೆ ನನಗೆ," ಎಂದುಬಿಟ್ಟೆ. "ಎಲ್ಲಾ ಒಂದೇ!" ಎಂದು ಅವನು ನನ್ನ ಕೈ ಹಿಡಿದು ಕುಲುಕಿದ.

ಎಲ್ಲಾ ಒಂದೇ ಆಗಿರಲಿಲ್ಲ. ನಮ್ಮಪ್ಪ ಧಾರವಾಡದ ಮೈದಾನಗಳಲ್ಲಿ ಸ್ಕೋರರ್ ಆಗಿದ್ದವರು. ಚಿಕ್ಕಂದಿನಲ್ಲಿ ಅವರ ಪಕ್ಕ ಕೂತು ಪೆನ್ಸಿಲ್ ಚೂಪು ಮಾಡಿಕೊಡುತ್ತಾ ನಾನೂ ಕಲಿತೆ. ಕೈಗೆ ಬಂದ ಕ್ಯಾಚನ್ನು ಯಾರಾದರೂ ಬಿಟ್ಟಾಗ, "ಅಪ್ಪಾ, ಇದನ್ನೆಲ್ಲಿ ಬರೀಬೇಕು?" ಎಂದು ಕೇಳಿದ್ದೆ. "ಬಿಟ್ಟ ಕ್ಯಾಚಿಗೆ ಕಾಗದದಾಗ ಜಾಗಾ ಇಲ್ಲವಾ. ಬಿಟ್ಟಾಂವಗ ಗೊತ್ತಿರತದ, ಅಷ್ಟ ಸಾಕು," ಎಂದಿದ್ದರು. ಮನೆಯಲ್ಲೂ ಅದೇ ರೀತಿ. ಒಬ್ಬರ ತಪ್ಪನ್ನು ಅವರ ಮುಖದ ಮೇಲೆ ಹೇಳುವುದು ನಮ್ಮಲ್ಲಿ ದೊಡ್ಡ ತಪ್ಪು.

ಬೇಸ್‌ಬಾಲಿನಲ್ಲಿ ಆ ಮರ್ಯಾದೆ ಇಲ್ಲ. ಅಲ್ಲಿ ಸುಲಭದ ಚೆಂಡನ್ನು ಕೈಬಿಟ್ಟವನ ಹೆಸರಿಗೆ ಸ್ಕೋರರು 'ಎರರ್' ಎಂದು ಬರೆಯಬೇಕು. ಚೆಂಡು ಹಿಡಿಯಲು ಕಷ್ಟವಾಗಿತ್ತು ಅನಿಸಿದರೆ 'ಹಿಟ್' ಎಂದು ಹೊಡೆದವನಿಗೆ ಕೊಡಬೇಕು. ಯಾವುದು ಎಂದು ತೀರ್ಮಾನಿಸುವವರು ಸ್ಕೋರರೇ. ನಾನು ಹೋದ ಮೊದಲನೇ ಪಂದ್ಯದಲ್ಲಿ ಒಂದು ಚೆಂಡು ನಮ್ಮ ನಾಯಕನ ಕಡೆಗೆ ನೆಲದ ಮೇಲೆ ನಿಧಾನವಾಗಿ ಉರುಳಿಕೊಂಡು ಹೋಯಿತು, ಅವನ ಎರಡು ಕಾಲುಗಳ ನಡುವೆಯೇ ದಾಟಿಹೋಯಿತು. ನಾನು ಪೆನ್ಸಿಲ್ ಹಿಡಿದು ಕೂತಿದ್ದೆ. ಕೂರಲು ಕುರ್ಚಿ, ಕಾಲಿನ ಮೇಲೆ ಹೊದೆಯಲು ಕಂಬಳಿ, ಫ್ಲಾಸ್ಕಿನಿಂದ ಚಹಾ ಕೊಟ್ಟವನು ಅವನು. ಬಂದ ದಿನವೇ ಅವನ ಹೆಸರಿನ ಮುಂದೆ ತಪ್ಪು ಎಂದು ಬರೆಯುವುದೇ? ಹಿಟ್ ಎಂದು ಬರೆದೆ. ಪಂದ್ಯ ಮುಗಿದ ಮೇಲೆ ಹುಡುಗರೆಲ್ಲ ಪುಸ್ತಕದ ಸುತ್ತ ಮುತ್ತಿಕೊಂಡರು. ಯಾರ ಹೆಸರಿಗೂ ಎರರ್ ಇರಲಿಲ್ಲ. ಎಲ್ಲರಿಗೂ ಖುಷಿ. ಮುಂದಿನ ಭಾನುವಾರವೂ ನೀವೇ ಬರಬೇಕು ಎಂದರು.

ಹೋದೆ. ಆ ಬೇಸಿಗೆಯ ಎಲ್ಲ ಭಾನುವಾರಗಳೂ ಹೋದೆ. ಸಟನ್‌ನ ಭಾನುವಾರ ಹೇಗಿರುತ್ತದೆ ಎಂದು ಅಲ್ಲಿ ಒಬ್ಬರೇ ಇದ್ದವರಿಗೆ ಮಾತ್ರ ಗೊತ್ತು. ಬೀದಿಯ ಕಿಟಕಿಗಳಿಗೆಲ್ಲ ಪರದೆ, ಅಂಗಡಿಗಳು ಬೇಗ ಮುಚ್ಚುತ್ತವೆ, ಮೇಲಿನ ಮನೆಯವರ ಟಿವಿ ಸದ್ದೇ ನಮಗೆ ಜೊತೆ. ಆ ಒಂದು ದಿನ ಮೈದಾನದಲ್ಲಿ ಹತ್ತು ಹನ್ನೆರಡು ಜನ ನನ್ನನ್ನು ಹೆಸರು ಹಿಡಿದು ಕೂಗುತ್ತಿದ್ದರು. ಹೆಸರನ್ನು ತಪ್ಪಾಗಿ ಕೂಗುತ್ತಿದ್ದರು, ಆದರೂ ಕೂಗುತ್ತಿದ್ದರು. ಅಷ್ಟರ ಆಸೆಗೆ ನಾನು ಎಲ್ಲರ ತಪ್ಪುಗಳನ್ನೂ ನುಂಗುತ್ತಾ ಹೋದೆ.

ತಂಡದಲ್ಲಿ ಚೆಂಡು ಎಸೆಯುವವನು, ಅಂದರೆ ಪಿಚರ್, ಜಪಾನಿನವನು. ಸಂಶೋಧನೆಗೆ ಬಂದಿದ್ದ, ಅವನೂ ಉಳಿದ ಹುಡುಗರಿಗಿಂತ ದೊಡ್ಡವನು. ಮಾತು ಕಮ್ಮಿ. ಪಂದ್ಯ ಮುಗಿದ ಮೇಲೆ ಉಳಿದವರು ಪಬ್ಬಿಗೆ ಹೋದರೆ, ನಾವಿಬ್ಬರೂ ಒಂದೇ ಬಸ್ಸಿಗೆ ಕಾಯುತ್ತಿದ್ದೆವು. ನಾನು ಚಪಾತಿಯೊಳಗೆ ಶೇಂಗಾ ಚಟ್ನಿ ಸುತ್ತಿಕೊಂಡು ಬರುತ್ತಿದ್ದೆ, ಅವನು ಅನ್ನದ ಉಂಡೆ ತರುತ್ತಿದ್ದ. ಬಸ್‌ಸ್ಟಾಪಿನ ಬೆಂಚಿನ ಮೇಲೆ ಅರ್ಧರ್ಧ ಹಂಚಿಕೊಂಡು ತಿನ್ನುತ್ತಿದ್ದೆವು. ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂದರೂ ಬೇಡ ಎನ್ನುತ್ತಿರಲಿಲ್ಲ. ಅವನಪ್ಪ ಊರಿನ ಶಾಲೆಯಲ್ಲಿ ಹುಡುಗರಿಗೆ ಬೇಸ್‌ಬಾಲ್ ಕಲಿಸುತ್ತಿದ್ದವರಂತೆ. ಪ್ರತಿ ವರ್ಷ ಸೀಸನ್ನಿಗೆ ಮೊದಲು ಕಾಲೇಜು ಪತ್ರಿಕೆಯಲ್ಲಿ ಬರುವ ತಂಡದ ಪುಟವನ್ನು ಅವನು ಕತ್ತರಿಸಿ ಅಪ್ಪನಿಗೆ ಕಳಿಸುತ್ತಿದ್ದ. "ಅಪ್ಪನಿಗೆ ಇಂಗ್ಲಿಷ್ ಬರಲ್ಲ. ಅಂಕಿಗಳನ್ನು ಓದ್ತಾರೆ," ಎಂದಿದ್ದ. ಲಂಡನ್ನಿನಲ್ಲಿ ನನಗಿದ್ದ ಸ್ನೇಹಿತ ಎಂದರೆ ಅವನೊಬ್ಬನೇ. ಹಾಗೆಂದು ಅವನಿಗೆ ನಾನು ಯಾವತ್ತೂ ಹೇಳಲಿಲ್ಲ.

ಈಗ ಆ ಪುಟವನ್ನು ಬರೆಯುವ ಸರದಿ ನನ್ನದು. ಫೆಬ್ರವರಿಯ ಒಂದು ಮಧ್ಯಾಹ್ನ ಅಡಿಗೆಮನೆಯ ಟೇಬಲ್ಲಿನ ಮೇಲೆ ಹಿಂದಿನ ಸೀಸನ್ನಿನ ಸ್ಕೋರ್‌ಪುಸ್ತಕ ಹರಡಿಕೊಂಡು ಕೂತೆ. ಒಬ್ಬೊಬ್ಬರ ಅಂಕಿಗಳನ್ನು ಕೂಡಿಸಿ ಪಟ್ಟಿ ಮಾಡಿದೆ. ಎಲ್ಲರದೂ ಚೆನ್ನಾಗಿತ್ತು. ಪಿಚರನ ಸಾಲಿಗೆ ಬಂದಾಗ ಏನೋ ತಪ್ಪು ಕೂಡಿಸಿದೆ ಅನಿಸಿತು. ಮತ್ತೆ ಕೂಡಿಸಿದೆ, ಮೂರನೇ ಸಲವೂ ಕೂಡಿಸಿದೆ. ಮೈದಾನದಲ್ಲಿ ಅಷ್ಟು ಚೆನ್ನಾಗಿ ಎಸೆಯುತ್ತಿದ್ದವನ ಅಂಕಿಗಳು ಕಾಗದದ ಮೇಲೆ ನೋಡಲಾರದಷ್ಟು ಕೆಟ್ಟದಾಗಿದ್ದವು.

ಆಗ ತಲೆಗೆ ಹೊಳೆಯಿತು. ನಿಯಮದ ಪುಸ್ತಕದಲ್ಲಿ ಓದಿಯೇ ಇದ್ದೆ, ಓದಿದ್ದು ಒಳಗೆ ಇಳಿದಿರಲಿಲ್ಲ. ಫೀಲ್ಡರನ ಎರರಿನಿಂದ ಎದುರು ತಂಡಕ್ಕೆ ಹೋದ ರನ್ನು ಪಿಚರನ ಲೆಕ್ಕಕ್ಕೆ ಸೇರುವುದಿಲ್ಲ. ಹಿಟ್ ಎಂದು ಬರೆದರೆ ಪೂರ್ತಿ ಅವನ ತಲೆಗೇ. ಒಂದು ಬೇಸಿಗೆಯಿಡೀ ನಾನು ಎಂಟು ಜನರ ತಪ್ಪು ಮುಚ್ಚಿದ್ದೆ ಎಂದುಕೊಂಡಿದ್ದೆ. ಮುಚ್ಚಿರಲಿಲ್ಲ, ಎಲ್ಲವನ್ನೂ ಒಟ್ಟು ಮಾಡಿ ಒಬ್ಬನ ಮೇಲೆ ಹೊರಿಸಿದ್ದೆ. ಅದೂ ಆ ಒಬ್ಬನ ಮೇಲೆ.

ಸ್ಕೋರರನ ಮಗಳು ನಾನು. ಯಾವ ಪಂದ್ಯದಲ್ಲಿ ಯಾರು ಯಾವ ಚೆಂಡು ಬಿಟ್ಟರು ಎಂಬುದು ಒಂದೂ ಬಿಡದೆ ನೆನಪಿತ್ತು. ಬೇರೆ ಹಾಳೆಯಲ್ಲಿ ಎಲ್ಲವನ್ನೂ ಸರಿಪಡಿಸಿ ಬರೆದೆ. ಹೊಸ ಪಟ್ಟಿಯಲ್ಲಿ ಪಿಚರನ ಸಾಲು ಎಲ್ಲರಿಗಿಂತ ಮೇಲೆ ಬಂತು. ಅತಿ ಹೆಚ್ಚು ಎರರ್ ಬಿದ್ದದ್ದು ನಾಯಕನ ಹೆಸರಿಗೆ.

ಮರುದಿನ ಬೆಳಿಗ್ಗೆ ಯಜಮಾನರು ಆಸ್ಪತ್ರೆಯಿಂದ ಬಂದು ಹಚ್ಚಿದ ಅವಲಕ್ಕಿ ತಿನ್ನುತ್ತಾ ಕೂತಾಗ ಇದನ್ನೆಲ್ಲ ಹೇಳಿದೆ. ಅವರ ಕಣ್ಣು ನಿದ್ದೆಗೆ ಎಳೆಯುತ್ತಿತ್ತು.

"ಅದರಾಗ ಏನದ? ಹೋಗಿ ಹೇಳು, ಹಿಂಗಿಂಗಾತು, ನಂದ ತಪ್ಪು ಅಂತ," ಎಂದರು.

"ನಾಯಕಗ ಸಿಟ್ಟು ಬಂದ್ರ? ಇನ್ನ ಮ್ಯಾಲೆ ಬರಬ್ಯಾಡ ಅಂದ್ರ?"

"ಬ್ಯಾಡ ಅಂದ್ರ ಬಿಡು. ಮನ್ಯಾಗ ಆರಾಮ ಇರು," ಎಂದು ಹೇಳಿ ತಟ್ಟೆ ತೊಳೆದಿಟ್ಟು ಮಲಗಲು ಹೋದರು.

ಮನೆಯಲ್ಲಿ ಆರಾಮ ಇರುವುದು! ಪಾಪ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಆರಾಮ ಎಂಥದ್ದು ಎಂದು ನನಗೂ ಫ್ರಿಜ್ಜಿಗೂ ಮಾತ್ರ ಗೊತ್ತಿತ್ತು.

ಕಾಲೇಜಿಗೆ ಹೋಗುವಾಗ ಎರಡೂ ಪಟ್ಟಿಗಳು ಚೀಲದಲ್ಲಿದ್ದವು. ಕ್ಯಾಂಟೀನಿನಲ್ಲಿ ನಾಯಕ ಎದುರು ಕೂತ. ಹಳೆಯ ಪಟ್ಟಿಯನ್ನು ಮೊದಲು ಕೊಟ್ಟೆ, ಅದನ್ನು ತೋರಿಸಿ ಆಮೇಲೆ ವಿವರಿಸೋಣ ಎಂದು. ಅವನು ಬೆರಳಿಟ್ಟು ಓದುತ್ತಾ ಪಿಚರನ ಸಾಲಿಗೆ ಬಂದು ಸಿಳ್ಳೆ ಹಾಕಿದ.

"ಇಷ್ಟು ಕೆಟ್ಟದಾಗಿದೆಯಾ? ಒಳ್ಳೆ ಮನುಷ್ಯ, ಆದರೆ ಅಂಕಿ ಸುಳ್ಳು ಹೇಳಲ್ಲ. ಈ ಸಲ ಹೊಸ ಪಿಚರ್ ಹುಡುಕ್ತೀನಿ. ಹಾಗೇ ಬರೆದುಬಿಡಿ."

ನಾನು ಬಾಯಿ ತೆರೆದೆ. ಇನ್ನೊಂದು ಹಾಳೆಯ ಮೇಲೆ ಕೈಯಿಟ್ಟಿದ್ದೆ ಕೂಡ. ಅಷ್ಟರಲ್ಲಿ ಅವನು ನಕ್ಕು, "ನೀವಂತೂ ಈ ವರ್ಷಾನೂ ಇರ್ತೀರಿ ಅಲ್ವಾ? ನೀವಿಲ್ಲದಿದ್ರೆ ನಮಗೆ ಭಾನುವಾರವೇ ಅಲ್ಲ," ಎಂದ.

"ಇರ್ತೀನಿ," ಎಂದೆ. ಹಾಳೆ ಚೀಲದಲ್ಲೇ ಉಳಿಯಿತು.

ಪುಟ ಬರೆದೆ. ಚೆನ್ನಾಗಿಯೇ ಬರೆದೆ, ಅದೇ ದುಃಖ. ನಮ್ಮ ಫೀಲ್ಡಿಂಗ್ ಭದ್ರವಾಗಿದೆ, ಬ್ಯಾಟಿಂಗಿನಲ್ಲಿ ಭರವಸೆಯಿದೆ, ಎಸೆತದಲ್ಲಿ ಮಾತ್ರ ಕಳೆದ ವರ್ಷ ಸೋತೆವು, ಈ ವರ್ಷ ಎಸೆಯಲು ಹೊಸ ತೋಳು ಬರಲಿದೆ, ಹಾಗಾಗಿ ಕಾಲೇಜು ದೊಡ್ಡ ಸೀಸನ್ನನ್ನೇ ನಿರೀಕ್ಷಿಸಬಹುದು. ಪತ್ರಿಕೆಯವರು ಒಂದು ಪದವನ್ನೂ ತಿದ್ದಲಿಲ್ಲ. ಕೆಳಗೆ ಪಟ್ಟಿ, ಅದರ ಕೆಳಗೆ ನನ್ನ ಹೆಸರು. ಅಚ್ಚಿನಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು. ಒಂದು ಪ್ರತಿಯನ್ನೂ ಮನೆಗೆ ತರಲಿಲ್ಲ ನಾನು.

ಮೂರು ದಿನ ಪಿಚರನ ಕಣ್ಣಿಗೆ ಬೀಳದಂತೆ ಓಡಾಡಿದೆ. ನಾಲ್ಕನೇ ದಿನ ಮಧ್ಯಾಹ್ನ ಬಸ್‌ಸ್ಟಾಪಿನಲ್ಲಿ ಅವನೇ ಕೂತಿದ್ದ. ನನ್ನನ್ನು ಕಂಡು ಎದ್ದು, ತಲೆ ಬಾಗಿಸಿ, "ಅಭಿನಂದನೆ. ನಿಮ್ಮ ಹೆಸರು ಪತ್ರಿಕೆಯಲ್ಲಿ ಬಂದಿದೆ," ಎಂದ.

ನನಗೆ ತಡೆಯಲಾಗಲಿಲ್ಲ. ಆ ಬೆಂಚಿನ ಮೇಲೆಯೇ ಎಲ್ಲವನ್ನೂ ಹೇಳಿದೆ. ಎರರುಗಳನ್ನು ಬರೆಯಲಿಲ್ಲ, ಎಲ್ಲ ನಿಮ್ಮ ತಲೆಗೆ ಬಂತು, ಸರಿಪಡಿಸಿದ ಹಾಳೆಯೂ ನನ್ನ ಹತ್ತಿರ ಇತ್ತು, ಆದರೂ ಕೊಡಲಿಲ್ಲ ಎಂದೆ. ಇಂಗ್ಲಿಷಿನಲ್ಲಿ ಅಳುತ್ತಾ ಮಾತಾಡುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು.

"ನನಗೆ ಗೊತ್ತಿತ್ತು," ಎಂದ ಅವನು.

"ಯಾವಾಗಿನಿಂದ?"

"ಎರಡನೇ ಪಂದ್ಯದಿಂದ. ನನಗೂ ಸ್ಕೋರ್‌ಪುಸ್ತಕ ಓದೋಕೆ ಬರುತ್ತೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವರು ಬೇರೆ ಸ್ಕೋರರನ್ನ ಹುಡುಕ್ತಿದ್ರೇನೋ. ನಿಮಗೆ ಆ ಭಾನುವಾರ ಬೇಕಾಗಿತ್ತು. ನೋಡಿದ್ರೆ ಗೊತ್ತಾಗ್ತಿತ್ತು."

ಬಸ್ಸು ಬಂತು. ನಾನು ಹತ್ತಲಿಲ್ಲ, ಅವನೂ ಹತ್ತಲಿಲ್ಲ. ಅಪ್ಪನಿಗೆ ಪತ್ರಿಕೆ ಕಳಿಸಿದಿರಾ ಎಂದು ಕೇಳುವ ಧೈರ್ಯ ಬರಲು ಇನ್ನೊಂದು ಬಸ್ಸು ಹೋಗಬೇಕಾಯಿತು.

"ಈ ವರ್ಷ ಪುಟ ಅಚ್ಚಾಗಲಿಲ್ಲ ಅಂತ ಫೋನಿನಲ್ಲಿ ಹೇಳಿದೆ," ಎಂದ.

ಈಗಲೇ ನಾಯಕನ ಹತ್ತಿರ ಹೋಗೋಣ, ಎಲ್ಲ ಹೇಳ್ತೀನಿ ಎಂದೆ. ಬೇಡ ಎಂದ. ಮೀಸಲು ಆಟಗಾರನಾಗಿ ಇರು ಎಂದು ನಾಯಕ ಕೇಳಿದ್ದನಂತೆ, ಇವನು ಪ್ರಬಂಧ ಬರೆಯುವುದಿದೆ ಎಂದು ಹೇಳಿ ತಂಡ ಬಿಟ್ಟಾಗಿತ್ತು. ಹೊಸ ಪಿಚರೂ ಸಿಕ್ಕಿದ್ದ. ಆಮೇಲೆ ಅವನು ಬೇರೆ ಬಸ್ಸಿಗೆ ಹೋಗತೊಡಗಿದನೋ, ಹೊತ್ತು ಬದಲಿಸಿದನೋ ಗೊತ್ತಿಲ್ಲ, ಆ ಸ್ಟಾಪಿನಲ್ಲಿ ಮತ್ತೆ ಸಿಗಲಿಲ್ಲ. ಬೇಸಿಗೆಯ ಕೊನೆಗೆ ಊರಿಗೆ ಹೋದ ಎಂದು ಯಾರೋ ಹೇಳಿದರು.

ಏಪ್ರಿಲಿನಲ್ಲಿ ಸೀಸನ್ ಶುರುವಾಯಿತು. ಮೊದಲನೇ ಪಂದ್ಯಕ್ಕೆ ನಾನು ಹೋದೆ. ಚಳಿಯಿತ್ತು. ಕುರ್ಚಿ, ಕಂಬಳಿ, ಚಹಾ ಎಲ್ಲ ಹಿಂದಿನಂತೆಯೇ ಬಂದವು. ಎರಡನೇ ಸುತ್ತಿನಲ್ಲಿ ಸುಲಭದ ಒಂದು ಚೆಂಡು ನಾಯಕನ ಕೈಗೆ ಬಂದು ಜಾರಿ ಕೆಳಗೆ ಬಿತ್ತು. ಹೋದರೆ ಹೋಗಲಿ ಈ ಭಾನುವಾರಗಳು ಎಂದುಕೊಂಡು ಅವನ ಹೆಸರಿಗೆ ಎರರ್ ಎಂದು ಬರೆದೆ.

ಪಂದ್ಯ ಮುಗಿದ ಮೇಲೆ ಅವನು ಬಂದು ನನ್ನ ಹೆಗಲ ಮೇಲಿಂದ ಪುಸ್ತಕಕ್ಕೆ ಬಗ್ಗಿದ. ಆ ಗುರುತಿನ ಮೇಲೆ ಬೆರಳಿಟ್ಟ.

"ಹೌದು, ಅದು ನನ್ನ ತಪ್ಪೇ. ಸರಿಯಾಗಿ ಬರೆದಿದ್ದೀರಿ," ಎಂದು ಹೇಳಿ, ನನ್ನ ಕಪ್ಪಿಗೆ ಇನ್ನಷ್ಟು ಚಹಾ ಸುರಿದು ಹೋದ.