ಇಬ್ರಾಹಿಮಾಕನ ಹೊಲಿಗೆ ಪಾಠ

ಇಬ್ರಾಹಿಮಾಕನ ಮೀಸೆ ಮೇಲ್ದುಟಿಯನ್ನು ಪೂರ್ತಿ ಮುಚ್ಚುವಷ್ಟು ದಪ್ಪವಾಗಿತ್ತು. ಪಾಣೆಮಂಗಳೂರಿನಿಂದ ದುಬೈಗೆ ಬರುವಾಗಲೇ ಜೊತೆಗೆ ಬಂದ ಮೀಸೆ. ಅದನ್ನು ಅವರು ಬೋಳಿಸಿದ್ದು ನನ್ನ ಮಗಳಿಗಾಗಿ.

ಸ್ಮಿತಾಳಿಗೆ ಐದನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತು. ಮಾತು ಉಳಿದಿತ್ತು, ಎದುರಿನವರ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದಳು. ಶಾಲೆ ಮುಗಿದ ಮೇಲೆ ಅವಳನ್ನು, ಅಂಗವಿಕಲರಿಗೆ ಕೈಕೆಲಸ ಕಲಿಸಿ ಉದ್ಯೋಗಕ್ಕೆ ಸೇರಿಸುವ ಪುಟ್ಟ ಕೇಂದ್ರವೊಂದಕ್ಕೆ ಕಳಿಸಿದೆವು. ದುಬೈಯ ನೈಫ್ ಪೇಟೆಯಲ್ಲಿ ಹೊಲಿಗೆ ಅಂಗಡಿಯಿದ್ದ ಇಬ್ರಾಹಿಮಾಕ, ಮಧ್ಯಾಹ್ನ ಅಂಗಡಿ ಮುಚ್ಚಿ ಉಳಿದವರೆಲ್ಲ ಊಟ ಮಾಡಿ ಮಲಗುವ ಹೊತ್ತಿಗೆ, ಅಲ್ಲಿಗೆ ಬಂದು ಕಲಿಸುತ್ತಿದ್ದರು.

ಮೊದಲ ವಾರವೇ ಸ್ಮಿತಾ ಅಳುತ್ತಾ ಬಂದಳು. “ಅವರ ಬಾಯಿಯೇ ಕಾಣುವುದಿಲ್ಲ ಅಮ್ಮ.”

ಸಂಕೋಚದಿಂದಲೇ ಅವರಿಗೆ ಹೇಳಿದೆ. ಅವರು ಮೀಸೆ ಸವರಿಕೊಂಡರು. ಮರುದಿನ ಬಾಗಿಲಲ್ಲಿ ನಿಂತವರ ಗುರುತೇ ನನಗೆ ಹತ್ತಲಿಲ್ಲ.

“ಎಂತ ನೋಡ್ತೀರಿ ಅಕ್ಕ? ಊರಿಗೆ ಫೋಟೊ ಕಳಿಸಿದ್ದಕ್ಕೆ ನನ್ನ ಹೆಂಡತಿ ಯಾರಿದು ಅಂತ ಕೇಳಿದ್ಲು,” ಎಂದು ನಾಚಿಕೆಯಿಂದ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಸ್ಮಿತಾ ಹೋಗಿ ಆ ಕೈಯನ್ನು ಕೆಳಗೆಳೆದಳು.

ಶಾಭಾಷ್ ಎನ್ನುವ ಪೈಕಿ ಅಲ್ಲ ಅವರು. ಹೊಲಿಗೆ ಸೊಟ್ಟಗಾದರೆ ಬಟ್ಟೆ ತಿರುಗಿಸಿ, “ಬಿಚ್ಚು,” ಎನ್ನುತ್ತಿದ್ದರು. ಒಂದು ಕೈ ಸ್ವಾಧೀನದಲ್ಲಿಲ್ಲದ ಹುಡುಗಿಯೊಬ್ಬಳಿಗೂ ಅದೇ ಮಾತು. ಒಮ್ಮೆ ನಾನು, “ಪಾಪ, ಹೋಗ್ಲಿ ಬಿಡಿ,” ಎಂದದ್ದಕ್ಕೆ ಅವರಿಗೆ ಸಿಟ್ಟೇ ಬಂತು.

“ಪಾಪ ಅಂತ ಹೇಳಿ ಗಿರಾಕಿ ಸೊಟ್ಟ ಅಂಗಿ ಹಾಕಿಕೊಳ್ತಾನಾ ಅಕ್ಕ?”

ಎರಡು ವರ್ಷ ಕಲಿತ ಮೇಲೆ ಜೆಬೆಲ್ ಅಲಿಯಲ್ಲಿ ಯೂನಿಫಾರಂ ಹೊಲಿಯುವ ಕಾರ್ಖಾನೆಯೊಂದರಲ್ಲಿ ಕೆಲಸ ಉಂಟೆಂದು ನಮ್ಮಿಬ್ಬರನ್ನು ಅವರೇ ಕರೆದುಕೊಂಡು ಹೋದರು. ಅಲ್ಲಿನ ಸೂಪರ್‌ವೈಸರ್ ಸ್ಮಿತಾಳ ಹೊಲಿಗೆಯನ್ನು ನೋಡಿ ಮೆಚ್ಚಿದ. ಕಿವಿ ಕೇಳದೆಂದು ಗೊತ್ತಾದದ್ದೇ, ಮಷಿನ್ ಬೇಡ, ದಾರದ ತುದಿ ಕತ್ತರಿಸಿಕೊಂಡಿರಲಿ ಎಂದ. ನಾನು ಒಪ್ಪಿ ತಲೆಯಾಡಿಸುತ್ತಿದ್ದೆ. ಇಬ್ರಾಹಿಮಾಕ ಎದ್ದೇಬಿಟ್ಟರು.

“ಯಲ್ಲಾ ಮಗಳೇ, ಹೋಗುವ.”

ಹೊರಗೆ ಬಂದು ನಾನು ಜಗಳಕ್ಕೇ ನಿಂತೆ. “ಸಿಕ್ಕಿದ ಕೆಲಸ ತಪ್ಪಿಸಿದಿರಲ್ಲ! ಇನ್ನು ಯಾರು ಕೊಡ್ತಾರೆ ಇವಳಿಗೆ?”

“ಇವತ್ತು ದಾರ ಕತ್ತರಿಸಿದರೆ ಜನ್ಮವಿಡೀ ಅದೇ. ಅದಕ್ಕೆ ನಾನು ಕಲಿಸಬೇಕಿತ್ತಾ?”

ಎಷ್ಟೋ ದಿನ ನಾನು ಅವರೊಡನೆ ಮಾತಾಡಲಿಲ್ಲ. ಅವರು ಇನ್ನೂ ಎರಡು ಮೂರು ಕಡೆ ಅಲೆದರು. ಎಲ್ಲೂ ಆಗಲಿಲ್ಲ. ಕೊನೆಗೆ ತಮ್ಮ ಅಂಗಡಿಯಲ್ಲೇ ಜಾಗ ಬಿಡಿಸಿ ಮಷಿನ್ ಹಾಕಿಸಿದರು. ಕಾಗದಪತ್ರವೆಲ್ಲ ಮಾಡಿಸಿ, ಉಳಿದ ಟೈಲರ್‌ಗಳಿಗೆ ಕೊಡುವಷ್ಟೇ ಸಂಬಳಕ್ಕೆ ಅವಳನ್ನು ಸೇರಿಸಿಕೊಂಡರು. ನೈಫ್‌ನ ಹೆಂಗಸರು ಬ್ಲೌಸಿಗೆ ಸ್ಮಿತಾಳೇ ಬೇಕು ಎನ್ನುವಂತಾಯಿತು.

ಆಮೇಲೆ ಇಬ್ರಾಹಿಮಾಕನಿಗೆ ಸೂಜಿಯ ಕಣ್ಣು ಕಾಣದಾಯಿತು. ಅಂಗಡಿಯನ್ನು ತಮ್ಮನ ಮಗ ರಫೀಕನಿಗೆ ವಹಿಸಿ ಊರಿಗೆ ಹೊರಟರು. ಹೊರಡುವ ಸಂಜೆ ಸ್ಮಿತಾ ತಾನು ಹೊಲಿದ ಬಿಳಿ ಅಂಗಿ ಕೊಟ್ಟಳು. ಅವರು ಅದನ್ನು ಒಳಗು ಹೊರಗು ಮಾಡಿ, ಬೆರಳಿನಿಂದಲೇ ಹೊಲಿಗೆ ತಡವಿ ನೋಡಿದರು. “ಕಾಲರ್ ಸ್ವಲ್ಪ ಬಿಗಿ,” ಎಂದರು. ಆದರೂ ಅಲ್ಲೇ ತೊಟ್ಟುಕೊಂಡು, ಅದರಲ್ಲೇ ವಿಮಾನ ಹತ್ತಿದರು.

ಮರುವರ್ಷ ಒಂದು ಸಂಜೆ ಮಗಳನ್ನು ಕರೆತರಲು ಹೋದಾಗ ರಫೀಕ ಬಾಗಿಲಲ್ಲೇ ತಡೆದ. ದೊಡ್ಡಪ್ಪ ಬೆಳಿಗ್ಗೆ ತೀರಿಹೋದರು, ಸ್ಮಿತಾಳಿಗೆ ಹೇಳಲು ತನ್ನಿಂದಾಗಲಿಲ್ಲ ಎಂದ. ಅವಳು ಯಾರದೋ ಮದುವೆಯ ಬ್ಲೌಸಿಗೆ ತೋಳು ಕೂರಿಸುತ್ತಿದ್ದಳು. ಅದು ಮುಗಿಯುವವರೆಗೆ ಕಾದು, ಎದುರು ಕೂತು ಹೇಳಿದೆ.

ಮಷಿನ್ ಆರಿಸಿ, ಕೂರಿಸಿದ ತೋಳಿನ ಹೊಲಿಗೆಯನ್ನು ಬೆರಳಿನಿಂದ ತಡವಿದಳು. ಆಮೇಲೆ ನನ್ನತ್ತ ತಿರುಗಿದಳು.

“ಅಮ್ಮ, ಅವರ ಸ್ವರ ಹೇಗಿತ್ತು?”

“ಸ್ವಲ್ಪ ಒಡಕು,” ಎಂದೆ.

ಅವಳು ಇನ್ನೂ ನನ್ನ ತುಟಿಯನ್ನೇ ನೋಡುತ್ತಿದ್ದಳು.