ಬಸ್ಸಿನ ಹಾಡಿನವರು

ಎಂಬತ್ತರ ದಶಕದ ನಡುವೆ ನಾನು ಹಗರಿಬೊಮ್ಮನಹಳ್ಳಿಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ನಮ್ಮ ಮನೆಯ ಟೇಪ್ ರೆಕಾರ್ಡರ್ ಒಂದು ದಿನ ಕ್ಯಾಸೆಟ್ಟಿನ ರೀಲನ್ನು ನುಂಗಿ ಸುಮ್ಮನಾಯಿತು. ಬಸ್‌ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ಅದನ್ನು ಬಿಚ್ಚಿ, ಒರೆಸಿ, ಪರೀಕ್ಷೆಗೆಂದು ತಮ್ಮದೇ ಒಂದು ಹಳೆಯ ಕ್ಯಾಸೆಟ್ ಹಾಕಿದರು.

ಗಿಟಾರ್ ಜೋರಾಗಿ ಕಿರುಚಿತು. ಆಮೇಲೆ, ಹಡಗಲಿಯಿಂದ ಮಲ್ಲಿಗೆ ಬುಟ್ಟಿ ಹೊತ್ತು ಹೊರಡುವ ಮೊದಲ ಬಸ್ಸಿನ ಹಾಡು! ನಾನು ಹರಪನಹಳ್ಳಿಯಲ್ಲಿ ಕಾಲೇಜು ಓದುವಾಗ ಮದುವೆಯಿರಲಿ, ಗಣಪತಿಯಿರಲಿ, ಕೊಟ್ಟೂರಿನ ಈ ರಾಕ್ ಬ್ಯಾಂಡಿನವರು ಬಂದು ಅದನ್ನು ಹಾಡಲೇಬೇಕಿತ್ತು. ಆಮೇಲೆ ಅವರು ಎಲ್ಲಿ ಹೋದರೋ ಯಾರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಯಾರೂ ಕೇಳಿರಲೂ ಇಲ್ಲ.

ಹಾಡು ಮುಗಿದ ಮೇಲೆ ಇನ್ನೊಂದು ಶುರುವಾಯಿತು. ನಲವತ್ತು ದಾಟಿದ ಮೇಲೆ ಸೈಕಲ್ ಕಲಿಯಲು ಹೊರಟು, ಬ್ರೇಕ್ ಹಿಡಿಯುವುದು ಮರೆತು ಸೀದಾ ಮಾವನ ಮನೆಯೊಳಗೆ ನುಗ್ಗಿದವನ ಕಥೆ. ನಾನು ನಿಂತಲ್ಲೇ ನಕ್ಕುಬಿಟ್ಟೆ.

“ಇದು ಯಾರ ಹಾಡ್ರಿ?”

“ಇದೂ ನಮ್ದೇ ರೀ ಅಕ್ಕೋರೆ. ಗಿಟಾರ್ ನಾನ ಬಾರಿಸಿದ್ದು.” ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. “ಇಂಥವು ಇನ್ನೂ ಏಳು ಅದಾವ. ಯಾರು ಕೇಳ್ತಾರ್ರಿ? ಎಲ್ಲಿ ಹೋದ್ರೂ ಬಸ್ಸು ಹಾಡ್ರಿ, ಬಸ್ಸು ಹಾಡ್ರಿ. ಒಂದು ಮದುವ್ಯಾಗ ಏಳು ಸಲ ಹಾಡಿಸಿದ್ರು. ಎಂಟನೇ ಸಲಕ್ಕ ನಮ್ಮ ಡ್ರಮ್ಮಿನಾಂವ ಕೋಲು ಅಲ್ಲೇ ಇಟ್ಟು ಊಟಕ್ಕ ಹೋಗಿಬಿಟ್ಟ.”

ಬ್ಯಾಂಡ್ ನಿಂತದ್ದು ಅವತ್ತೇ ಅಂತೆ.

ಕ್ಯಾಸೆಟ್ಟನ್ನು ಕೇಳಿ ಪಡೆದು ಸ್ಟಾಫ್ ರೂಮಿನಲ್ಲಿ ಹಾಕಿದೆ. ಸೈಕಲ್ ಹಾಡಿಗೆ ನಮ್ಮ ಹೆಡ್ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ವಾರ್ಷಿಕೋತ್ಸವಕ್ಕ ಇವ್ರನ್ನ ಕರಸ್ರಿ,” ಎಂದರು. ನಾನು ಹೋಗಿ ಕೇಳಿದಾಗ ಅಂಗಡಿಯವರು ಹಾಕಿದ ಷರತ್ತು ಒಂದೇ: ಬಸ್ಸಿನ ಹಾಡು ಹಾಡುವುದಿಲ್ಲ.

ವಾರ್ಷಿಕೋತ್ಸವದ ದಿನ ಮಧ್ಯಾಹ್ನ ಮೂರಕ್ಕೆ ಬ್ಯಾಂಡಿನ ನಾಲ್ವರೂ ಬಂದರು. ಹಾಡುವವರ ತಲೆಗೂದಲು ಪೂರ್ತಿ ಹೋಗಿತ್ತು, ದನಿ ಮಾತ್ರ ಹಾಗೇ ಇತ್ತು. ಅವರು ಮೈಕ್ ಹಿಡಿಯುತ್ತಲೇ ಹಿಂದಿನಿಂದ ಪಾಲಕರೆಲ್ಲ, “ಬಸ್ಸು! ಬಸ್ಸು!” ಎಂದು ಕೂಗಿದರು. ಹಾಡುವವರು ಶಾಂತವಾಗಿ, “ಬಸ್ಸು ಕೆಟ್ಟು ನಿಂತೈತ್ರಿ. ಇವತ್ತು ಎಲ್ಲಾರೂ ಸೈಕಲ್ ಮ್ಯಾಲ ಬರ್ರಿ,” ಎಂದರು. ಇಡೀ ಮೈದಾನ ಹೋ ಎಂದು ನಕ್ಕಿತು. ಆಮೇಲೆ ಯಾರೂ ಬಸ್ಸಿನ ಸುದ್ದಿ ಎತ್ತಲಿಲ್ಲ.

ಕೊನೆಯದು ನಿಧಾನದ ಹಾಡು. ಅದನ್ನು ಬರೆದವರು ನಮ್ಮ ರಿಪೇರಿಯವರೇ. ರೇಡಿಯೋ ಬಿಚ್ಚಿ ಕೂತ ಗಂಡನಿಗೆ ಹೆಂಡತಿ ಮೂರು ಸಲ ಚಹಾ ಬಿಸಿ ಮಾಡಿ ತರುತ್ತಾಳೆ, ನಾಲ್ಕನೇ ಸಲ ತಾನೇ ಕುಡಿದುಬಿಡುತ್ತಾಳೆ. ಅವರ ಹೆಂಡತಿ ನನ್ನ ಪಕ್ಕದಲ್ಲೇ ಕೂತಿದ್ದರು. ಗಂಡನ ಕಾರ್ಯಕ್ರಮಕ್ಕೆ ಅವರು ಬಂದದ್ದು ಅದೇ ಮೊದಲು.

“ಅಕ್ಕೋರೆ, ಇದು ನನ್ನ ಮ್ಯಾಲೆ ಕಟ್ಟಿದ್ದೇನ್ರಿ?”

“ಹಂಗ ಕಾಣ್ತೈತ್ರಿ.”

“ನೋಡ್ರಿ ಮತ್ತ! ಹಾಡು ಕಟ್ಟಿ ಊರ ಮುಂದ ಹಾಡ್ತಾರ, ನನಗ ಒಂದು ಮಾತು ಹೇಳಿಲ್ಲ.” ಸಿಟ್ಟಿನಿಂದ ಹೇಳಹೊರಟವರು ಅರ್ಧಕ್ಕೇ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಚಪ್ಪಾಳೆ ಶುರು ಮಾಡಿದವರೂ ಅವರೇ.

ಬ್ಯಾಂಡಿಗೇನೂ ದೊಡ್ಡ ಹೆಸರು ಬರಲಿಲ್ಲ. ಆದರೆ ಭಾನುವಾರ ಬೆಳಿಗ್ಗೆ ನಾಲ್ವರೂ ಅಂಗಡಿಯಲ್ಲಿ ಸೇರತೊಡಗಿದರು. ಮರುವರ್ಷ ಹೊಸ ಹಾಡೊಂದನ್ನು ಕಟ್ಟಿ ಮೊದಲು ನನಗೇ ಕೇಳಿಸಿದರು. ಅಷ್ಟೇನೂ ಚೆನ್ನಾಗಿಲ್ಲ ಎಂದೆ. ಡ್ರಮ್ಮಿನವರು ಗೆಳೆಯರ ಕಡೆ ತಿರುಗಿ, “ನಾ ಹೇಳ್ಲಿಲ್ಲೇನ್ರಲೇ!” ಎಂದು ಕುಣಿದಾಡಿಬಿಟ್ಟರು.